ರಕ್ತ ಹೌದೆಂದಿತು, ರೋಗ ಒಪ್ಪಲಿಲ್ಲ

ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಯಲ್ಲಿ ಈಚಿನ ವರ್ಷಗಳ ದೊಡ್ಡ ಭರವಸೆಯೊಂದು ಹುಟ್ಟಿದ್ದು ಸಕ್ಕರೆ ಕಾಯಿಲೆಯ ಔಷಧಿಯಿಂದ. ಅದರ ಹೆಸರು ಎಕ್ಸೆನಟೈಡ್. ಈ ಔಷಧಿಯ ಕುರಿತ ಎರಡು ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಒಂದು, 2019ರಲ್ಲಿ 'ಜಾಮಾ ನ್ಯೂರಾಲಜಿ'ಯಲ್ಲಿ ಬಂದದ್ದು. ಔಷಧಿ ಪಡೆದವರ ಮಿದುಳಿನಲ್ಲಿ ಇನ್ಸುಲಿನ್ ಸಂಕೇತಗಳು ಚುರುಕಾಗಿವೆ ಎಂದು ಅವರ ರಕ್ತವೇ ಹೇಳುತ್ತಿದೆ ಎಂದು ಅದು ವರದಿ ಮಾಡಿತು. ಇನ್ನೊಂದು, 2025ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದದ್ದು. ಅದೇ ಔಷಧಿಯಿಂದ ರೋಗಿಗಳಿಗೆ ಯಾವ ಪ್ರಯೋಜನವೂ ಆಗಲಿಲ್ಲ ಎಂದು ಅದು ತಿಳಿಸಿತು. ಎರಡರ ಹಿಂದೆಯೂ ಇದ್ದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಟಾಮ್ ಫೋಲ್ಟಿನಿ ಅವರ ತಂಡ. ಮೊದಲನೆಯದು ಒಳ್ಳೆಯ ವಿಜ್ಞಾನ. ಆದರೆ ಅದಕ್ಕೆ ಉತ್ತರಿಸಲು ಶಕ್ತಿಯಿಲ್ಲದ ಪ್ರಶ್ನೆಗೂ ಅದರಿಂದಲೇ ಉತ್ತರ ಪಡೆದೆವೆಂದು ಬಹಳ ಜನ ನಂಬಿದರು. ತಪ್ಪಿದ್ದು ಅಲ್ಲಿ.

ಇನ್ಸುಲಿನ್ ಎಂದರೆ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ರಸದೂತ ಎಂಬಷ್ಟೇ ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಮಿದುಳಿನ ನರಕೋಶಗಳ ಮೇಲೂ ಇನ್ಸುಲಿನ್ ಗ್ರಾಹಕಗಳಿವೆ. ಇನ್ಸುಲಿನ್ ಬಂದು ಅಲ್ಲಿ ಕೂತಾಗ ಕೋಶದ ಒಳಗಿನ ಐಆರ್‌ಎಸ್-1 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಆ ಪ್ರೋಟೀನಿನಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲ ಇರುವ ಜಾಗದಲ್ಲಿ ಅಂಟಿದರೆ ಸಂಕೇತ ಮುಂದಕ್ಕೆ ಸಾಗಿ ಎಕೆಟಿ, ಎಂಟಾರ್ ಎಂಬ ಪ್ರೋಟೀನುಗಳನ್ನು ತಲುಪುತ್ತದೆ. ಕೋಶದ ಉಳಿವಿಗೂ ಶಕ್ತಿಯ ನಿರ್ವಹಣೆಗೂ ಬೇಕಾದ ಕೆಲಸಗಳು ನಡೆಯುತ್ತವೆ. ಸೆರಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇರುವ ಕೆಲವು ಜಾಗಗಳಲ್ಲಿ ಅಂಟಿದರೆ ಸಂಕೇತ ಅಲ್ಲೇ ಕುಂದುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಪಾರ್ಕಿನ್ಸನ್ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ ಎಂದು ಹಲವು ದೊಡ್ಡ ಸಮೀಕ್ಷೆಗಳು ಹೇಳಿದ್ದವು. ಪಾರ್ಕಿನ್ಸನ್ನಿನ ಹತ್ತಿರದ ನೆಂಟನಂತಿರುವ, ಅದಕ್ಕಿಂತ ಕ್ರೂರವಾದ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿಯಿಂದ ಸತ್ತವರ ಮಿದುಳಿನಲ್ಲೂ ಇನ್ಸುಲಿನ್ ಪ್ರತಿರೋಧದ ಗುರುತುಗಳು ಸಿಕ್ಕವು. ಹಾಗಾಗಿ ಇನ್ಸುಲಿನ್ ಸಂಕೇತವನ್ನು ಸರಿಪಡಿಸಿದರೆ ನರಕೋಶ ಉಳಿದೀತು ಎಂಬ ಊಹೆಗೆ ಗಟ್ಟಿ ತಳಹದಿಯೇ ಇತ್ತು.

ಎಕ್ಸೆನಟೈಡ್‌ನ ಮೂಲವಂತೂ ಸ್ವಾರಸ್ಯಕರ. ಅಮೆರಿಕದ ನೈಋತ್ಯ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷಹಲ್ಲಿಯ ವಿಷದಲ್ಲಿ ಜಾನ್ ಎಂಗ್ ಎಂಬ ವಿಜ್ಞಾನಿ 1992ರಲ್ಲಿ ಎಕ್ಸೆಂಡಿನ್-4 ಎಂಬ ಪೆಪ್ಟೈಡ್ ಗುರುತಿಸಿದರು. ಅದು ನಮ್ಮ ಕರುಳಿನ ಜಿಎಲ್‌ಪಿ-1 ರಸದೂತದಂತೆಯೇ ಕೆಲಸ ಮಾಡುತ್ತದೆ; ಆದರೆ ಅದರಂತೆ ನಿಮಿಷಗಳಲ್ಲಿ ಕರಗಿಹೋಗುವುದಿಲ್ಲ. ಅದರ ಕೃತಕ ರೂಪವೇ ಎಕ್ಸೆನಟೈಡ್. 2005ರಲ್ಲಿ ಅಮೆರಿಕದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ ಒಪ್ಪಿಗೆ ಪಡೆಯಿತು. 2013ರಲ್ಲಿ ಲಂಡನ್ ತಂಡ 45 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಅಲ್ಲಿ ಯಾರಿಗೆ ಔಷಧಿ ಸಿಗುತ್ತಿದೆ ಎಂಬುದು ರೋಗಿಗಳಿಗೆ ಗೊತ್ತಿತ್ತು. ಆದ್ದರಿಂದ 62 ಜನರ ಮೇಲೆ, ಪ್ಲಸೀಬೊ ಎಂಬ ಹುಸಿಮದ್ದಿನ ಜತೆ ಹೋಲಿಸುವ ಪ್ರಯೋಗ ನಡೆದು, 2017ರಲ್ಲಿ ಫಲಿತಾಂಶ ಬಂತು.

ಆ ಫಲಿತಾಂಶವನ್ನು ಅಳೆದದ್ದು ಹೇಗೆಂದು ಹತ್ತಿರದಿಂದ ನೋಡಬೇಕು. ರೋಗಿ ಹಿಂದಿನ ರಾತ್ರಿಯಿಂದ ಪಾರ್ಕಿನ್ಸನ್ನಿನ ಲೆವೊಡೋಪ ಮಾತ್ರೆ ನುಂಗದೆ ಬೆಳಿಗ್ಗೆ ಆಸ್ಪತ್ರೆಗೆ ಬರುತ್ತಾರೆ. ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ, ಆದಷ್ಟು ಅಗಲಿಸಿ, ಆದಷ್ಟು ಬೇಗ ತಟ್ಟಬೇಕು. ಮುಷ್ಟಿ ಬಿಗಿದು ಬಿಡಬೇಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು. ನಡೆದು, ತಿರುಗಿ, ಮರಳಿ ಬರಬೇಕು. ವೈದ್ಯರು ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತಾರೆ. ಒಟ್ಟು 132 ಅಂಕ. ಹೆಚ್ಚಾದಷ್ಟೂ ಕಾಯಿಲೆ ಜೋರು. 48 ವಾರ ಚಿಕಿತ್ಸೆ ಪಡೆದು 12 ವಾರ ಬಿಟ್ಟ ಮೇಲೆ, ಎಕ್ಸೆನಟೈಡ್ ಗುಂಪು ಪ್ಲಸೀಬೊ ಗುಂಪಿಗಿಂತ 3.5 ಅಂಕಗಳಷ್ಟು ಉತ್ತಮ ಸ್ಥಿತಿಯಲ್ಲಿತ್ತು. ಅಂದು ಬೆರಳು ಹೇಗೆ ಆಡಿತು, ನಿದ್ದೆ ಬಂದಿತ್ತೇ, ಮನಸ್ಸು ಹೇಗಿತ್ತು ಎಂಬುದರ ಮೇಲೆಲ್ಲ ಏರಿಳಿಯುವ ಅಂಕಪಟ್ಟಿಯಲ್ಲಿ 3.5 ಎಂದರೆ ಸಣ್ಣ ಅಂತರ. ದೈನಂದಿನ ಬದುಕಿನ ಗುಣಮಟ್ಟದಂತಹ ಬೇರೆ ಅಳತೆಗಳಲ್ಲಿ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೂ ಇರಲಿಲ್ಲ.

2019ರ ರಕ್ತದ ಅಧ್ಯಯನಕ್ಕೆ ಮಹತ್ವ ಬಂದದ್ದು ಇಲ್ಲಿ. ಅಂಕಪಟ್ಟಿ ಅನುಮಾನ ಉಳಿಸಿದ್ದರೆ, ರಕ್ತ ಅದನ್ನು ಬಗೆಹರಿಸಬಲ್ಲದು ಎಂಬ ಆಸೆ. ನಮ್ಮ ಕೋಶಗಳು ನ್ಯಾನೊಮೀಟರ್ ಗಾತ್ರದ ಪುಟ್ಟ ಚೀಲಗಳನ್ನು ಹೊರಬಿಡುತ್ತಲೇ ಇರುತ್ತವೆ. ನರಕೋಶ ಬಿಟ್ಟ ಚೀಲಗಳಲ್ಲಿ ಕೆಲವು ರಕ್ತಕ್ಕೆ ಸೇರುತ್ತವೆ, ಅವುಗಳ ಒಳಗೆ ನರಕೋಶದ ಪ್ರೋಟೀನುಗಳಿರುತ್ತವೆ ಎಂಬುದು ಈ ವಿಧಾನದ ಆಧಾರ. ಎಲ್1ಕ್ಯಾಮ್ ಎಂಬ ಪ್ರೋಟೀನನ್ನು ಗುರುತಾಗಿ ಹಿಡಿದು, ರಕ್ತದಿಂದ ಆ ಚೀಲಗಳನ್ನು ಹೆಕ್ಕಿ, ಒಡೆದು, ಒಳಗಿರುವುದನ್ನು ಅಳೆಯಲಾಯಿತು. ಎಕ್ಸೆನಟೈಡ್ ಪಡೆದವರಲ್ಲಿ ಟೈರೋಸಿನ್ ಜಾಗದ ಫಾಸ್ಫೇಟ್ ಹೆಚ್ಚಿತ್ತು. ಎಕೆಟಿ ಮತ್ತು ಸಕ್ರಿಯ ಎಂಟಾರ್ ಕೂಡ ಹೆಚ್ಚಿದ್ದವು. ಎಂಟಾರ್ ಮಟ್ಟಕ್ಕೂ ಚಲನೆಯ ಅಂಕಗಳ ಸುಧಾರಣೆಗೂ ಸಂಬಂಧ ಕಂಡಿತು.

ಈ ಕೆಲಸದ ಗುಣವನ್ನು ಮನಸಾರೆ ಒಪ್ಪಬೇಕು. ಬದುಕಿರುವ ಮನುಷ್ಯನ ಮಿದುಳಿನ ಚೂರನ್ನು ಔಷಧಿಯ ಪರೀಕ್ಷೆಗೆಂದು ಕತ್ತರಿಸಿ ನೋಡಲಾಗದು. ನರರೋಗಗಳ ಔಷಧಿಗಳು ಸೋತಾಗಲೆಲ್ಲ, ಅದು ಗುರಿ ಮುಟ್ಟಲಿಲ್ಲವೋ, ಗುರಿಯೇ ತಪ್ಪಾಗಿತ್ತೋ ಎಂದು ತಿಳಿಯದೆ ಕೈಚೆಲ್ಲಬೇಕಾಗುತ್ತಿತ್ತು. ಆ ಪ್ರಶ್ನೆಯನ್ನು ಪ್ರಯೋಗದ ಒಳಗೇ ಕೇಳಿದ ಈ ತಂಡದ ದಾರಿ ಸರಿಯಾದದ್ದು.

ಆದರೆ ಮೂರು ದೌರ್ಬಲ್ಯಗಳನ್ನು ಅಂದೇ ಗಟ್ಟಿಯಾಗಿ ಹೇಳಬೇಕಿತ್ತು. ಮೊದಲನೆಯದು, ಪುರಾವೆ ಸ್ವತಂತ್ರವಾದುದಲ್ಲ: ರಕ್ತ ಬಂದದ್ದು 2017ರ ಅದೇ ರೋಗಿಗಳಿಂದ. ಆ ಸಣ್ಣ ಗುಂಪಿನಲ್ಲಿ ಆಕಸ್ಮಿಕವಾಗಿ ಹುಟ್ಟಿದ ಅಂತರವಿದ್ದರೆ, ಅದರೊಂದಿಗೆ ತಾಳೆಯಾಗುವ ಇನ್ನೊಂದು ಅಳತೆ ಆ ಅಂತರವನ್ನು ನಿಜ ಮಾಡಲಾರದು. ಎರಡನೆಯದು, ಚೀಲಗಳ ಮೂಲ. 2021ರಲ್ಲಿ 'ನೇಚರ್ ಮೆಥಡ್ಸ್'ನಲ್ಲಿ ಬಂದ ಅಧ್ಯಯನವೊಂದು, ರಕ್ತದಲ್ಲೂ ಮಿದುಳು-ಬೆನ್ನುಹುರಿ ದ್ರವದಲ್ಲೂ ಎಲ್1ಕ್ಯಾಮ್ ಇಂಥ ಚೀಲಗಳಿಗೆ ಅಂಟಿಕೊಂಡಿರುವುದೇ ಇಲ್ಲ, ಬಿಡಿ ಪ್ರೋಟೀನಾಗಿ ತೇಲುತ್ತದೆ ಎಂದು ತೋರಿಸಿತು. ವಾದ ಇಂದಿಗೂ ಮುಗಿದಿಲ್ಲ; ಆದರೆ ಮಿದುಳಿನದೆಂದುಕೊಂಡ ಮಾಹಿತಿ ಮಿದುಳಿನದೇ ಎಂಬ ನೆಚ್ಚಿಗೆಗೆ ಪೆಟ್ಟು ಬಿದ್ದಿದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸಂಕೇತ ಚುರುಕಾಯಿತು ಎಂಬುದಕ್ಕೂ ಕೋಶ ಉಳಿಯಿತು ಎಂಬುದಕ್ಕೂ ನಡುವೆ ಬಹಳ ದೂರವಿದೆ. ಪಂಪ್‌ಸೆಟ್ಟಿಗೆ ಕರೆಂಟ್ ಬಂತೆಂದು ಮೀಟರ್ ತೋರಿಸಿದ ಮಾತ್ರಕ್ಕೆ ಗದ್ದೆಗೆ ನೀರು ಹರಿಯಿತೆಂದಾಗದು.

ಗದ್ದೆಗೆ ನೀರು ಹರಿಯಲಿಲ್ಲ ಎಂದು ಗೊತ್ತಾದದ್ದು 2025ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಮೂರನೇ ಹಂತದ ಪ್ರಯೋಗದಲ್ಲಿ. ಬ್ರಿಟನ್ನಿನ 6 ಆಸ್ಪತ್ರೆಗಳಲ್ಲಿ 194 ರೋಗಿಗಳು, 96 ವಾರ, ವಾರಕ್ಕೊಂದು ಚುಚ್ಚುಮದ್ದು. ಕೊನೆಗೆ ಎಕ್ಸೆನಟೈಡ್ ಗುಂಪಿನ ಅಂಕ ಸರಾಸರಿ 5.7ರಷ್ಟು, ಪ್ಲಸೀಬೊ ಗುಂಪಿನದು 4.5ರಷ್ಟು ಹದಗೆಟ್ಟಿತ್ತು. ಔಷಧಿ ರೋಗದ ನಡಿಗೆಯನ್ನು ನಿಧಾನಗೊಳಿಸಲಿಲ್ಲ. ಜಿಎಲ್‌ಪಿ-1ರಂತೆ ಕೆಲಸ ಮಾಡುವ ಬೇರೆ ಔಷಧಿಗಳ ಕಥೆಯೂ ಏಕಮುಖವಾಗಿಲ್ಲ: ಫ್ರಾನ್ಸಿನಲ್ಲಿ 156 ಜನರ ಮೇಲೆ ನಡೆದ ಲಿಕ್ಸಿಸೆನಟೈಡ್ ಪ್ರಯೋಗ 2024ರಲ್ಲಿ ಸುಮಾರು 3 ಅಂಕಗಳ ಲಾಭ ತೋರಿಸಿತು, ಜತೆಗೆ ಶೇಕಡಾ 46 ರೋಗಿಗಳಿಗೆ ವಾಕರಿಕೆಯನ್ನೂ ತಂದಿತು; ಎನ್‌ಎಲ್‌ವೈ01 ಎಂಬ ಇನ್ನೊಂದು ಔಷಧಿ 255 ಜನರಲ್ಲಿ ಏನನ್ನೂ ಸಾಧಿಸಲಿಲ್ಲ. ಆಲ್‌ಜೈಮರ್‌ನಲ್ಲಿ ಇದೇ ಪಾಠ ಇನ್ನೂ ಸ್ಪಷ್ಟವಾಗಿ ಬಂತು. ಸುಮಾರು 3,800 ಜನರ ಮೇಲೆ ನಡೆದ, ಇದೇ ಬಗೆಯ ಸೆಮಾಗ್ಲುಟೈಡ್ ಔಷಧಿಯ ಪ್ರಯೋಗಗಳಲ್ಲಿ ಜೈವಿಕ ಸೂಚಕಗಳು ಸುಧಾರಿಸಿದವು, ಮರೆವಿನ ಕಾಯಿಲೆ ಮಾತ್ರ ನಿಲ್ಲಲಿಲ್ಲ ಎಂದು ತಯಾರಕ ಕಂಪನಿ ನೋವೊ ನಾರ್ಡಿಸ್ಕ್ 2025ರ ನವೆಂಬರ್‌ನಲ್ಲಿ ತಾನೇ ಪ್ರಕಟಿಸಿತು.

ಹಾಗೆಂದು ರಕ್ತದ ಸೂಚಕಗಳೇ ನಿಷ್ಪ್ರಯೋಜಕ ಎನ್ನಲಾಗದು. ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನ್ ಇದಕ್ಕೆ ಒಳ್ಳೆಯ ಉದಾಹರಣೆ. ನರತಂತುಗಳು ಹಾಳಾದಾಗ ಅದು ರಕ್ತಕ್ಕೆ ಸೋರುತ್ತದೆ. ಪಾರ್ಕಿನ್ಸನ್‌ನಲ್ಲಿ ಅದು ಅಷ್ಟೇನೂ ಏರುವುದಿಲ್ಲ. ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ, ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಗಳಲ್ಲಿ ಚೆನ್ನಾಗಿ ಏರುತ್ತದೆ. ಆರಂಭದಲ್ಲಿ ಒಂದೇ ರೀತಿ ಕಾಣುವ ಈ ಕಾಯಿಲೆಗಳನ್ನು ಬೇರ್ಪಡಿಸಲು ಅದು ನೆರವಾಗುತ್ತದೆ. ಯಾವ ಕಾಯಿಲೆ ಎಂದು ಅದೊಂದೇ ಹೇಳಲಾರದು. ವಯಸ್ಸು, ಮೂತ್ರಪಿಂಡದ ಸ್ಥಿತಿಗಳೂ ಅದನ್ನು ಏರಿಸುತ್ತವೆ. ಆದರೂ ಅದರ ಬಲ, ಮಿತಿ ಎರಡೂ ಬೇರೆ ಬೇರೆ ತಂಡಗಳ ಕೈಯಲ್ಲಿ, ಬೇರೆ ಬೇರೆ ರೋಗಿಗಳಲ್ಲಿ ಮತ್ತೆ ಮತ್ತೆ ಪರೀಕ್ಷೆಗೊಳಗಾಗಿವೆ. ಇನ್ಸುಲಿನ್ ಸಂಕೇತದ ಸೂಚಕಕ್ಕೆ ಸಿಗದೆ ಹೋದದ್ದು ಈ ಅಗ್ನಿಪರೀಕ್ಷೆಯೇ.

ನನ್ನ ತೀರ್ಮಾನ ಇಷ್ಟು. 2019ರ ಅಧ್ಯಯನವನ್ನು ಔಷಧಿ ಗುರಿ ಮುಟ್ಟಿರಬಹುದೆಂಬ ಸುಳಿವಾಗಿ ಉಳಿಸಿಕೊಳ್ಳೋಣ, ರೋಗ ನಿಧಾನವಾಯಿತೆಂಬ ಸಾಕ್ಷಿಯಾಗಿ ಅಲ್ಲ. ಮುಂದಿನ ಪ್ರಯೋಗಗಳಲ್ಲಿ ಯಾವ ಸೂಚಕ ಎಷ್ಟು ಬದಲಾಗಬೇಕೆಂದು ಮೊದಲೇ ಬರೆದಿಡಬೇಕು. ಇನ್ಸುಲಿನ್ ಪ್ರತಿರೋಧ ನಿಜವಾಗಿಯೂ ಇರುವ ರೋಗಿಗಳನ್ನು ಗುರುತಿಸಿ ಅವರಲ್ಲೇ ಔಷಧಿಯನ್ನು ಪರೀಕ್ಷಿಸಬೇಕು. ಎಲ್ಲ ಪಾರ್ಕಿನ್ಸನ್ ಒಂದೇ ಎಂದು ಹೊರಟರೆ, ಕೆಲವರಿಗಾದರೂ ಆಗಬಹುದಾದ ಲಾಭ ಸರಾಸರಿಯಲ್ಲಿ ಮುಳುಗಿಹೋಗುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಜಿಎಲ್‌ಪಿ-1 ಚುಚ್ಚುಮದ್ದುಗಳು ನಮ್ಮ ಮಾರುಕಟ್ಟೆಯಲ್ಲೂ ಇವೆ. ನಡುಗುವ ಕೈಯನ್ನು ಅವು ನಿಲ್ಲಿಸುತ್ತವೆ ಎಂಬ ಮಾತೂ ಜತೆಗೆ ಬಂದೀತು. ಸಕ್ಕರೆ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಪಾರ್ಕಿನ್ಸನ್ನಿಗೆಂದು ನೀವಾಗಿ ಶುರುಮಾಡಲೂ ಬೇಡಿ: ಹಸಿವನ್ನೂ ಮೈತೂಕವನ್ನೂ ಇಳಿಸುವ ಔಷಧಿ ಇದು, ಪಾರ್ಕಿನ್ಸನ್ ಇರುವ ಅನೇಕರು ಆಗಲೇ ತೂಕ ಕಳೆದುಕೊಳ್ಳುತ್ತಿರುತ್ತಾರೆ. ಯಾರಾದರೂ ಯಾವುದೇ ರಕ್ತಪರೀಕ್ಷೆಯ ಫಲಿತಾಂಶ ಮುಂದಿಟ್ಟು ಭರವಸೆ ಕೊಟ್ಟರೆ ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಸುಧಾರಿಸಿದವರು ನಡೆಯುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು ಸುಧಾರಿಸಿದೆಯೇ? ಸ್ಪಷ್ಟ ಉತ್ತರ ಬರುವವರೆಗೆ ದುಡ್ಡನ್ನೂ ದೇಹವನ್ನೂ ಒಡ್ಡಬೇಡಿ.