ತೆಳು ತಂತಿಯ ಲೆಕ್ಕ: ಎಲ್ಲಿಯವರೆಗೆ ನಂಬಬಹುದು?

ಗೌರಿಬಿದನೂರಿನ ಬಯಲಿನಲ್ಲಿ 'ಟಿ' ಆಕಾರದಲ್ಲಿ 1000 ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ ರೇಡಿಯೊ ದೂರದರ್ಶಕ ನಮ್ಮ ನಾಡಿನದು. ಒಂದೊಂದು ಡೈಪೋಲನ್ನು 10 ತುಂಡಾಗಿ ಎಣಿಸಿ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ 10,000 ಅಜ್ಞಾತಗಳು, 10 ಕೋಟಿ ಸಂಖ್ಯೆಗಳ ಮಾತೃಕೆ. ಇಂದು ಇದನ್ನು ಮನೆಯ ಲ್ಯಾಪ್‌ಟಾಪ್ ಬಿಡಿಸುತ್ತದೆ. ಲೆಕ್ಕ ಸುಲಭವಾದಂತೆ ಉತ್ತರವನ್ನು ಪ್ರಶ್ನಿಸುವ ಅಭ್ಯಾಸ ತಪ್ಪುತ್ತಿದೆ ಎಂಬುದು ಈ ಲೇಖನದ ತಕರಾರು.

ತಂತಿಯ ಪ್ರವಾಹಕ್ಕೆ ಅನುಕಲನ ಸಮೀಕರಣ ಕೊಟ್ಟವರು ಪಾಕ್ಲಿಂಗ್ಟನ್ (1897), ಬಳಿಕ ಹಾಲೆನ್ (1938). ತಂತಿಯನ್ನು ತುಂಡು ಮಾಡಿ, ತುಂಡಿಗೊಂದು ಅಜ್ಞಾತವಿಟ್ಟು ಬಿಡಿಸುವ ಮೊಮೆಂಟ್ ವಿಧಾನವನ್ನು ಹ್ಯಾರಿಂಗ್ಟನ್ 1968ರ ಪುಸ್ತಕದಲ್ಲಿ ಕ್ರಮಬದ್ಧಗೊಳಿಸಿದರು. ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ಎನ್‌ಇಸಿ-2 (1981) ಅದನ್ನು ಎಲ್ಲರ ಕೈಗೆ ತಲುಪಿಸಿತು. ಅದರ ಉಪಕಾರ ದೊಡ್ಡದು.

ಆದರೆ ಇದರ ಬುನಾದಿ ಒಂದು ಸರಳೀಕರಣ: ತಂತಿಯ ಮೇಲ್ಮೈಯಲ್ಲಿ ಹರಿಯುವ ಪ್ರವಾಹ ನಡುಗೆರೆಯಲ್ಲಿ ಹರಿಯುತ್ತದೆಂದು ಭಾವಿಸುವುದು. ಆದ್ದರಿಂದ ತುಂಡಿನ ಉದ್ದ ತಂತಿಯ ತ್ರಿಜ್ಯದ ಸುಮಾರು 8 ಪಟ್ಟಿಗಿಂತ ಹೆಚ್ಚಿರಬೇಕು; ವಿಸ್ತೃತ ಕರ್ನಲ್ ಬಳಸಿದರೆ 2 ಪಟ್ಟು ಸಾಕು. ಅದಕ್ಕೂ ಕೆಳಗಿಳಿದರೆ ಉತ್ತರ ನಿಖರವಾಗುವ ಬದಲು ಪ್ರವಾಹ ತಂತಿಯ ತುದಿಯಲ್ಲೂ ಮೂಲದ ಬಳಿಯಲ್ಲೂ ಓಲಾಡತೊಡಗುತ್ತದೆ. ಈ ಸರಳೀಕೃತ ಹಾಲೆನ್ ಸಮೀಕರಣಕ್ಕೆ ಪರಿಹಾರವೇ ಇಲ್ಲವೆಂದು ಫಿಕಿಯೊರಿಸ್ ಮತ್ತು ವು 2001ರಲ್ಲಿ ವಿವರಿಸಿದರು. ಅಂದರೆ ದೋಷ ಕಂಪ್ಯೂಟರಿನದಲ್ಲ, ಪ್ರಶ್ನೆಯದು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ನಮ್ಮ ಹುಡುಗನೊಬ್ಬ ಕಾಲೇಜಿನ ಪ್ರಾಜೆಕ್ಟಿಗೆ 50 ಮಿ.ಮೀ. ವ್ಯಾಸದ, 7 ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆಯನ್ನು 200 ತುಂಡು ಮಾಡಿ ತೋರಿಸಿದ. ತುಂಡು ಹೆಚ್ಚಿದಷ್ಟೂ ಒಳ್ಳೆಯದೆಂದು ನಾನೂ ಬೆನ್ನು ತಟ್ಟಿದೆ. ತುಂಡಿನ ಉದ್ದ 35 ಮಿ.ಮೀ., ತ್ರಿಜ್ಯ 25 ಮಿ.ಮೀ.; ಅನುಪಾತ 1.4 ಮಾತ್ರ. ಸಾಮಾನ್ಯ ಕರ್ನಲ್‌ಗೆ 35 ತುಂಡೇ ಮಿತಿಯಾಗಿತ್ತು. ಗ್ರಾಫ್ ಚೆನ್ನಾಗಿತ್ತು, ಅಂಕೆ ಕೆಟ್ಟಿತ್ತು.

ಬಹ್ರೇನಿನಲ್ಲಿ ಇನ್ನೊಂದು ತೊಡಕಿದೆ: ನೆಲ. ಎನ್‌ಇಸಿ-2 ಕಾಲಡಿಯ ನೆಲವನ್ನು ಆಳದವರೆಗೂ ಒಂದೇ ಗುಣದ್ದೆಂದು ಎಣಿಸುತ್ತದೆ. ಇಲ್ಲಿನ ಕರಾವಳಿಯ ಸಬ್ಖಾದಲ್ಲಿ ಮೇಲೆ ಒಣ ಮರಳು, ಕೆಳಗೆ ಉಪ್ಪುನೀರು. ಸಮುದ್ರದ ನೀರಿನ ವಾಹಕತೆ ಮೀಟರಿಗೆ ಸುಮಾರು 5 ಸೀಮೆನ್ಸ್. ಒಣ ಮರಳಿನದು ಅದರ ಸಾವಿರದ ಒಂದು ಪಾಲೂ ಇರದಿರಬಹುದು. ಯಾವುದನ್ನು ತುಂಬಿಸಿದರೂ ಅರ್ಧಸತ್ಯವೇ.

ಹಾಗೆಂದು ಈ ವಿಧಾನವನ್ನು ಬಿಡಬೇಕಿಲ್ಲ. ನಮ್ಮ ಮಕ್ಕಳು ವರದಿಯಲ್ಲಿ ಚಿತ್ರದ ಜೊತೆಗೆ ತುಂಡಿನ ಸಂಖ್ಯೆ, ಉದ್ದ-ತ್ರಿಜ್ಯಗಳ ಅನುಪಾತ, ನೆಲದ ಬಗೆಗಿನ ಊಹೆ, ಈ ಮೂರನ್ನೂ ಬರೆಯಲಿ. ತುಂಡುಗಳನ್ನು ಮಿತಿಯೊಳಗೆ ಬದಲಿಸಿ ಉತ್ತರ ನಿಲ್ಲುತ್ತದೆಯೇ ನೋಡಲಿ. ಕೊನೆಗೆ ಆಂಟೆನಾ ಕಟ್ಟಿ ಅಳೆಯಲಿ. ಬೆನ್ನು ತಟ್ಟುವ ಮೊದಲು ನಾವು ಹಿರಿಯರೂ ಇವನ್ನು ಕೇಳೋಣ.