ವ್ಯಾಟ್ ಬಿಡಿ, ಹಾಲ್ ಅಳೆಯಿರಿ

ಹಬ್ಬದ ರಿಯಾಯಿತಿ ಮಾರಾಟ ಶುರುವಾಯಿತೆಂದರೆ ಈ ಅಂಕಣದ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ‘ಸಾರ್, ಎರಡು ಎವಿ ರಿಸೀವರ್ ನೋಡಿಟ್ಟಿದ್ದೇನೆ. ಒಂದು 80 ವ್ಯಾಟ್, ಇನ್ನೊಂದು 100 ವ್ಯಾಟ್. ಎರಡನೆಯದಕ್ಕೆ ಬೆಲೆ ಜಾಸ್ತಿ. ಯಾವುದು ತೆಗೆದುಕೊಳ್ಳಲಿ?’

ವ್ಯಾಟ್ ಒಂದನ್ನೇ ನೋಡಿದರೆ ಆ ಹೆಚ್ಚುವರಿ ಬೆಲೆಗೆ ಸಿಗುವುದು 1 ಡೆಸಿಬೆಲ್ ಮಾತ್ರ. ವ್ಯಾಟ್ ಎರಡರಷ್ಟಾದರೆ 3 ಡೆಸಿಬೆಲ್ ಏರುತ್ತದೆ. ಧ್ವನಿ ಎರಡರಷ್ಟು ಜೋರಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. 80ಕ್ಕೂ 100ಕ್ಕೂ ನಡುವಿನ ಅಂತರ ಮನೆಯಲ್ಲಿ ಸಿನಿಮಾ ನೋಡುವಾಗ ಯಾರ ಗಮನಕ್ಕೂ ಬರುವುದಿಲ್ಲ. ಆದರೂ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಅದೇ ಅಂಕಿ. ಹೀಗಾಗಿ ರಿಸೀವರ್ ಹೋಲಿಸುವ ಕೆಲಸವನ್ನು ನಾವು ಹೆಚ್ಚಿನ ಸಲ ತಪ್ಪು ತುದಿಯಿಂದ ಶುರುಮಾಡುತ್ತೇವೆ.

ರಿಸೀವರ್ ಮಾಡುವ ಕೆಲಸ ಮೂರು. ಸಿನಿಮಾದೊಳಗೆ ಅಡಗಿಸಿಟ್ಟ ಡಾಲ್ಬಿ ಅಥವಾ ಡಿಟಿಎಸ್ ಧ್ವನಿಯನ್ನು ಬಿಡಿಸಿ ಯಾವ ಸದ್ದು ಯಾವ ಸ್ಪೀಕರ್‌ಗೆ ಹೋಗಬೇಕೆಂದು ಹಂಚುವುದು ಮೊದಲನೆಯದು. ಆ ಧ್ವನಿಗೆ ಸ್ಪೀಕರ್ ನಡೆಸುವಷ್ಟು ಶಕ್ತಿ ತುಂಬುವುದು ಎರಡನೆಯದು. ಸೆಟ್‌ಟಾಪ್ ಬಾಕ್ಸ್, ಬ್ಲೂರೇ, ಗೇಮ್ ಕನ್ಸೋಲ್ ಇವುಗಳ ಚಿತ್ರವನ್ನು ಟಿವಿಗೆ ಸಾಗಿಸುವುದು ಮೂರನೆಯದು. ಇವುಗಳ ಜೊತೆಗೆ ನಾಲ್ಕನೆಯ ಕೆಲಸವೊಂದು ಸೇರಿ ಇಪ್ಪತ್ತು ವರ್ಷವಾಯಿತು: ನಿಮ್ಮ ಕೋಣೆ ಧ್ವನಿಯನ್ನು ಎಲ್ಲೆಲ್ಲಿ ಕೆಡಿಸುತ್ತಿದೆ ಎಂದು ಮೈಕ್ ಇಟ್ಟು ಅಳೆದು ಸರಿಪಡಿಸುವುದು. ಇಂದು ಒಂದು ರಿಸೀವರ್‌ಗೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಈ ನಾಲ್ಕನೆಯ ಕೆಲಸದಲ್ಲಿದೆ.

ಮೊದಲು ವ್ಯಾಟ್ ಲೆಕ್ಕ ಮುಗಿಸೋಣ. ಒಂದೇ ಯಂತ್ರವನ್ನು ‘80 ವ್ಯಾಟ್’ ಎಂದೂ ಹೇಳಬಹುದು, ‘150 ವ್ಯಾಟ್’ ಎಂದೂ ಹೇಳಬಹುದು, ಎರಡೂ ಸುಳ್ಳಲ್ಲ. ಎರಡು ಚಾನೆಲ್ ಒಟ್ಟಿಗೆ ನಡೆಸಿ, 8 ಓಮ್ ಸ್ಪೀಕರ್ ಜೋಡಿಸಿ, 20ರಿಂದ 20,000 ಹರ್ಟ್ಸ್‌ವರೆಗೆ, ಡಿಸ್ಟಾರ್ಷನ್ 0.1 ಶೇಕಡಾದೊಳಗೆ ಇಟ್ಟು ಅಳೆದರೆ ಚಿಕ್ಕ ಅಂಕಿ ಬರುತ್ತದೆ. ಒಂದೇ ಚಾನೆಲ್, 6 ಓಮ್, 1,000 ಹರ್ಟ್ಸ್‌ನ ಒಂದೇ ಸ್ವರ, ಡಿಸ್ಟಾರ್ಷನ್ ಶೇಕಡಾ 10 ಆದರೂ ಸರಿ ಎಂದು ಅಳೆದರೆ ದೊಡ್ಡ ಅಂಕಿ ಬರುತ್ತದೆ. ಶೇಕಡಾ 10 ಎಂದರೆ ಧ್ವನಿ ಆಗಲೇ ಒಡೆದು ಕರ್ಕಶವಾಗಿರುತ್ತದೆ. ಅಮೆರಿಕದಲ್ಲಿ ಆಂಪ್ಲಿಫೈಯರ್ ಶಕ್ತಿಯನ್ನು ಹೇಗೆ ಜಾಹೀರು ಮಾಡಬೇಕೆಂಬ ನಿಯಮ 1974ರಲ್ಲೇ ಬಂತು. 2024ರಲ್ಲಿ ಅದನ್ನು ಬಿಗಿಗೊಳಿಸಿ, 8 ಓಮ್‌ನಲ್ಲಿ 20ರಿಂದ 20,000 ಹರ್ಟ್ಸ್‌ವರೆಗೆ ಅಳೆಯುವುದನ್ನೇ ಕಡ್ಡಾಯ ಮಾಡಿದರು. ನಾವು ಮಾಡಬೇಕಾದದ್ದು ಇಷ್ಟೆ: ಕಂಪನಿಯ ಸ್ಪೆಸಿಫಿಕೇಷನ್ ಹಾಳೆಯಲ್ಲಿ ‘8 ಓಮ್, 20 ಹರ್ಟ್ಸ್–20 ಕಿಲೋಹರ್ಟ್ಸ್, 2 ಚಾನೆಲ್’ ಎಂಬ ಸಾಲನ್ನು ಹುಡುಕಿ, ಎರಡೂ ಮಾಡೆಲ್‌ಗಳ ಅದೇ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಡೆನಾನ್ ಎವಿಆರ್-ಎಕ್ಸ್1800ಎಚ್‌ಗೆ ಈ ಲೆಕ್ಕದಲ್ಲಿ 80 ವ್ಯಾಟ್, ಯಮಾಹಾ ಆರ್‌ಎಕ್ಸ್-ವಿ6ಎಗೆ 100 ವ್ಯಾಟ್. ಮತ್ತದೇ 1 ಡೆಸಿಬೆಲ್.

ಹಾಗಾದರೆ ನಿಮಗೆ ಎಷ್ಟು ವ್ಯಾಟ್ ಬೇಕು? ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಸ್ಪೀಕರ್‌ನ ಹಿಂಬದಿಯಲ್ಲೋ ಕೈಪಿಡಿಯಲ್ಲೋ ಸೆನ್ಸಿಟಿವಿಟಿ ಎಂಬ ಅಂಕಿ ಇರುತ್ತದೆ. 87 ಡಿಬಿ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಜೋರು ಎಂದರ್ಥ. ಸೋಫಾ 3 ಮೀಟರ್ ದೂರದಲ್ಲಿದ್ದರೆ ಸುಮಾರು 9.5 ಡಿಬಿ ಇಳಿದು 77.5 ಡಿಬಿ ಉಳಿಯುತ್ತದೆ. ಸಿನಿಮಾದ ಸಾಮಾನ್ಯ ಮಾತುಕತೆ 70 ಡಿಬಿ ಆಸುಪಾಸಿನದು; ಅದಕ್ಕೆ ಕಾಲು ವ್ಯಾಟೂ ಬೇಡ. ‘ಕಾಂತಾರ’ದ ಕೊನೆಯಲ್ಲಿ ಗುಳಿಗನ ಕೂಗು 95 ಡಿಬಿ ಮುಟ್ಟಬೇಕೆಂದರೆ ಆ ಕ್ಷಣಕ್ಕೆ 56 ವ್ಯಾಟ್ ಬೇಕು. ಅದೇ ಜಾಗದಲ್ಲಿ 90 ಡಿಬಿಯ ಸ್ಪೀಕರ್ ಇಟ್ಟರೆ 28 ವ್ಯಾಟ್ ಸಾಕು. ಸ್ಪೀಕರ್‌ನ 3 ಡಿಬಿ ರಿಸೀವರ್‌ನ ಶಕ್ತಿಯನ್ನು ಇಮ್ಮಡಿ ಮಾಡಿದ ಹಾಗೆ. ಸಬ್‌ವೂಫರ್‌ಗೆ ಅದರದ್ದೇ ಆಂಪ್ಲಿಫೈಯರ್ ಇರುವುದರಿಂದ, 80 ಹರ್ಟ್ಸ್‌ಗಿಂತ ಕೆಳಗಿನ ಭಾರವೆಲ್ಲ ರಿಸೀವರ್‌ನ ಹೆಗಲಿನಿಂದ ಇಳಿದಿರುತ್ತದೆ. ಹಾಗಾಗಿ ನಮ್ಮ ಮನೆಗಳ ಹಾಲ್‌ಗೆ 80 ಪ್ರಾಮಾಣಿಕ ವ್ಯಾಟ್ ಧಾರಾಳವಾಯಿತು. ಸ್ಪೀಕರ್ 4 ಓಮ್‌ನದಾಗಿದ್ದರೆ ಮಾತ್ರ ರಿಸೀವರ್ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಈಗ ಹಾಲ್‌ಗೆ ಬರೋಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲೇ ಆಗಲಿ, ಈಚೆಗೆ ಕಟ್ಟಿದ ಮನೆಯ ಹಾಲ್‌ನಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ತಲೆಯ ಮೇಲೆ ಆರ್‌ಸಿಸಿ, ಗೋಡೆಗೆ ನುಣ್ಣನೆ ಪುಟ್ಟಿ, ಒಂದು ಕಡೆ ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿದರೆ ‘ಟ್ರಿಂಯ್’ ಎಂದು ಮರುದನಿ ಬರುತ್ತದೆ. ಇಂಥ ಕೋಣೆಯಲ್ಲಿ ಸಂಭಾಷಣೆ ಕಲಸಿಹೋಗುತ್ತದೆ. ನಾವು ಸೆಂಟರ್ ಸ್ಪೀಕರ್ ಬೈಯುತ್ತಾ ವಾಲ್ಯೂಮ್ ಏರಿಸುತ್ತೇವೆ. ಬೇಸ್‌ನ ಕಥೆ ಇನ್ನೊಂದು ಬಗೆಯದು. 15 ಅಡಿ ಉದ್ದದ ಕೋಣೆ 38 ಹರ್ಟ್ಸ್ ಹತ್ತಿರದ ಸದ್ದನ್ನು ಉಬ್ಬಿಸುತ್ತದೆ, 12 ಅಡಿಯ ಅಗಲ 47 ಹರ್ಟ್ಸ್ ಹತ್ತಿರದ್ದನ್ನು. ಸೋಫಾದ ಒಂದು ತುದಿಯಲ್ಲಿ ಕೂತವರಿಗೆ ಎದೆ ನಡುಗುವಷ್ಟು ಗುಡುಗು, ನಡುವೆ ಕೂತವರಿಗೆ ಏನೂ ಇಲ್ಲ. ಇದು ಗೋಡೆಗಳ ಅಳತೆಯಿಂದ ಹುಟ್ಟುವ ದೋಷ. ಎಷ್ಟು ದುಬಾರಿ ಆಂಪ್ಲಿಫೈಯರ್ ತಂದರೂ ಬರೀ ಅದರಿಂದ ಇದು ಹೋಗದು.

ಸೋಫಾದ ಮುಂದೆ ದಪ್ಪನೆಯ ಜಮಖಾನ, ಕಿಟಕಿಗೆ ಭಾರದ ಪರದೆ, ಗೋಡೆಗೆ ಪುಸ್ತಕದ ಕಪಾಟು — ಮರುದನಿಗೆ ಇವೇ ಮೊದಲ ಮದ್ದು. ಬೇಸ್‌ಗೆ ಮದ್ದು ಮೊದಲು ಹೇಳಿದ ನಾಲ್ಕನೆಯ ಕೆಲಸ, ಅಂದರೆ ರೂಂ ಕರೆಕ್ಷನ್. ಡೆನಾನ್, ಮರಾಂಟ್ಸ್‌ಗಳಲ್ಲಿ ಅದಕ್ಕೆ ಆಡಿಸ್ಸಿ ಎಂದು ಹೆಸರು, ಯಮಾಹಾದಲ್ಲಿ ವೈಪಿಎಒ. ಒಂಕ್ಯೊದ ಮೇಲುದರ್ಜೆಯ ಮಾಡೆಲ್‌ಗಳಲ್ಲಿ ಡಿರಾಕ್ ಲೈವ್, ಆಂಥಮ್‌ನಲ್ಲಿ ಎಆರ್‌ಸಿ. ಒಂದೇ ಹೆಸರಿನೊಳಗೂ ಅಂತಸ್ತುಗಳಿವೆ. ಡೆನಾನ್‌ನ ಎಕ್ಸ್1800ಎಚ್, ಎಕ್ಸ್2800ಎಚ್‌ಗಳಲ್ಲಿರುವುದು ಮಲ್ಟ್‌ಇಕ್ಯೂ ಎಕ್ಸ್‌ಟಿ, ಎಕ್ಸ್3800ಎಚ್‌ನಲ್ಲಿ ಎಕ್ಸ್‌ಟಿ32. ಈ ಎರಡನೆಯದು ಬೇಸ್ ಭಾಗವನ್ನು ಬಹಳ ಸೂಕ್ಷ್ಮವಾಗಿ ತಿದ್ದುತ್ತದೆ. ದೊಡ್ಡ ಮಾಡೆಲ್‌ಗೆ ಹೆಚ್ಚು ಹಣ ಕೊಡಲು ನನ್ನ ದೃಷ್ಟಿಯಲ್ಲಿ ಇದೇ ಸರಿಯಾದ ಕಾರಣ.

ರೂಂ ಕರೆಕ್ಷನ್‌ನ ಅಳತೆಯನ್ನು ಅವಸರದಲ್ಲಿ ಮಾಡಬೇಡಿ. ಫ್ಯಾನ್ ನಿಲ್ಲಿಸಿ, ಫ್ರಿಜ್ ಆರಿಸಿ, ಜೊತೆಗೆ ಬಂದ ಮೈಕನ್ನು ಕೂತವರ ಕಿವಿಯ ಎತ್ತರಕ್ಕೆ ಕ್ಯಾಮೆರಾ ಟ್ರೈಪಾಡ್ ಮೇಲೆ ನಿಲ್ಲಿಸಿ. ಸೋಫಾದ ದಿಂಬಿನ ಮೇಲೆ ಇಟ್ಟರೆ ಅಳತೆ ಕೆಡುತ್ತದೆ. ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಹೊರಡಿಸುತ್ತದೆ. ಮೈಕ್ ಜರುಗಿಸುತ್ತಾ ಅದು ಕೇಳುವ ಅಷ್ಟೂ ಜಾಗಗಳಲ್ಲಿ ಅಳೆಯಲು ಬಿಡಿ. ಕೊನೆಗೆ ಫಲಿತಾಂಶ ನೋಡುವಾಗ ಎಂಟು ಅಡಿ ದೂರದ ಸಬ್‌ವೂಫರ್ ಹದಿನಾಲ್ಕು ಅಡಿಯಲ್ಲಿದೆ ಎಂದು ತೋರಿಸಬಹುದು. ಅದನ್ನು ತಿದ್ದಲು ಹೋಗಬೇಡಿ. ಸಬ್‌ವೂಫರ್‌ನ ಒಳಗಿನ ಸರ್ಕಿಟ್‌ನಲ್ಲಿ ಧ್ವನಿ ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ, ಆ ತಡವನ್ನೂ ಯಂತ್ರ ದೂರದ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತದೆ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿದ್ದರೆ ಮಾತ್ರ ‘ಸ್ಮಾಲ್’ ಮಾಡಿ, ಬೇಸ್ ಸಬ್‌ವೂಫರ್‌ಗೆ ದಾಟುವ ಗಡಿಯಾದ ಕ್ರಾಸ್‌ಓವರ್ ಅನ್ನು 80 ಹರ್ಟ್ಸ್‌ಗೆ ಇಡಿ.

ಚಾನೆಲ್ ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. 5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. 5.1.2 ಎಂದರೆ ಅದರ ಮೇಲೆ ಅಟ್ಮಾಸ್‌ಗಾಗಿ ಎರಡು ಎತ್ತರದ ಸ್ಪೀಕರ್. ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೂ 2014ರಲ್ಲಿ ಮನೆಗೂ ಬಂತು. ಸೂರಿಗೆ ಸ್ಪೀಕರ್ ಹಾಕಲಾಗದವರು ಸದ್ದನ್ನು ಮೇಲಕ್ಕೆ ಚಿಮ್ಮಿಸಿ ಸೂರಿನಿಂದ ಕೆಳಗೆ ಬೀಳಿಸುವ ಅಪ್‌ಫೈರಿಂಗ್ ಸ್ಪೀಕರ್ ಕೊಳ್ಳುತ್ತಾರೆ. ಎಂಟರಿಂದ ಹನ್ನೆರಡು ಅಡಿ ಎತ್ತರದ ಸಪಾಟಾದ ಆರ್‌ಸಿಸಿ ಸೂರು ಇದ್ದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಕರಾವಳಿ, ಮಲೆನಾಡಿನ ಇಳಿಜಾರು ಹಂಚಿನ ಮನೆಗಳಲ್ಲಿ ಮಾಡುವುದಿಲ್ಲ. ಅಲ್ಲಿ ಗೋಡೆಯ ಮೇಲ್ಭಾಗಕ್ಕೆ ಸ್ಪೀಕರ್ ಹಾಕುವುದೇ ಸರಿ. ಸೋಫಾ ಹಿಂಗೋಡೆಗೆ ಒತ್ತಿಕೊಂಡಿದ್ದರೆ 7.1ರ ಹಿಂದಿನ ಎರಡು ಸ್ಪೀಕರ್‌ಗೆ ಜಾಗವೇ ಇರುವುದಿಲ್ಲ. ಅಂಥವರು ಏಳು ಚಾನೆಲ್ ರಿಸೀವರ್ ಕೊಂಡು ಈಗ 5.1 ನಡೆಸಿ, ಮುಂದೆ 5.1.2 ಮಾಡಿಕೊಳ್ಳಬಹುದು. ಅಗ್ಗದ ಒಂಬತ್ತು ಸ್ಪೀಕರ್‌ಗಿಂತ ಒಳ್ಳೆಯ ಐದು ಮೇಲು.

ಎಚ್‌ಡಿಎಂಐ ಬಗ್ಗೆ ಎರಡೇ ಮಾತು. ಇಂದು ಬಹಳಷ್ಟು ಮಂದಿ ಸಿನಿಮಾ ನೋಡುವುದು ಟಿವಿಯೊಳಗಿನ ಆಪ್‌ಗಳಲ್ಲಿ. ಅವರಿಗೆ ಬೇಕಾದದ್ದು ಟಿವಿಯಿಂದ ರಿಸೀವರ್‌ಗೆ ಧ್ವನಿ ತರುವ ಇಆರ್ಕ್ ಕಿಂಡಿ ಒಂದೇ. ಆರು 8ಕೆ ಕಿಂಡಿಗಳಿಗೆ ಹಣ ಸುರಿಯಬೇಕಿಲ್ಲ. ಹೊಸ ತಂತ್ರಜ್ಞಾನದ ಮೊದಲ ಕಂತಿಗೂ ಮುಗಿಬೀಳಬೇಡಿ. 2020ರಲ್ಲಿ ಎಚ್‌ಡಿಎಂಐ 2.1 ಹೆಸರಿನಲ್ಲಿ ಬಂದ ಕೆಲವು ಹೆಸರಾಂತ ರಿಸೀವರ್‌ಗಳು, ಒಳಗಿನ ಚಿಪ್‌ನ ದೋಷದಿಂದ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ ಚಿತ್ರವನ್ನು ಟಿವಿಗೆ ದಾಟಿಸಲಾಗದೆ ಕಪ್ಪು ತೆರೆ ತೋರಿಸಿದವು. ಕಂಪನಿಗಳು ಆಮೇಲೆ ಪರಿಹಾರ ಒದಗಿಸಿದರೂ ಮೊದಲು ಕೊಂಡವರು ಕಾಯಬೇಕಾಯಿತು.

ಷೋರೂಮಿನಲ್ಲಿ ಕೇಳುವಾಗ ಎರಡು ರಿಸೀವರ್‌ಗೂ ಒಂದೇ ಜೋಡಿ ಸ್ಪೀಕರ್ ಹಾಕಿಸಿ, ಒಂದೇ ಕುರ್ಚಿಯಲ್ಲಿ ಕೂತು, ಎರಡರ ಧ್ವನಿಯೂ ಒಂದೇ ಮಟ್ಟದಲ್ಲಿರುವಂತೆ ಮಾಡಿಸಿ. ಮೊಬೈಲ್‌ನ ಡೆಸಿಬೆಲ್ ಆಪ್ ಇದಕ್ಕೆ ಸಾಕು. 1 ಡೆಸಿಬೆಲ್ ಹೆಚ್ಚಿದ್ದರೆ ಅದು ಜೋರಾಗಿದೆ ಎಂದು ನಮಗೆ ಅನ್ನಿಸುವುದಿಲ್ಲ, ‘ಇದೇ ಚೆನ್ನಾಗಿದೆ’ ಎಂದು ಅನ್ನಿಸಿಬಿಡುತ್ತದೆ. ಕೇಳಲು ಸ್ಫೋಟದ ದೃಶ್ಯಗಳನ್ನಷ್ಟೇ ಆರಿಸಬೇಡಿ. ನಾನು ‘ತಿಥಿ’ ಚಿತ್ರವನ್ನು ಶಿಫಾರಸು ಮಾಡುತ್ತೇನೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ವೃತ್ತಿ ಕಲಾವಿದರಲ್ಲದವರನ್ನು ಇಟ್ಟುಕೊಂಡು, ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿದ ಸಿನಿಮಾ ಅದು. ವಯಸ್ಸಾದವರ ಮಾತು, ಸುತ್ತಲ ಬಯಲಿನ ಸದ್ದು ಎರಡೂ ಒಂದನ್ನೊಂದು ನುಂಗದೆ ಬೇರೆಬೇರೆಯಾಗಿ ಕೇಳಿಸಿದರೆ ಆ ವ್ಯವಸ್ಥೆ ನಂಬಿಕೆಗೆ ಅರ್ಹ. ಆಮೇಲೆ ‘ಕಾಂತಾರ’ದ ಕೊನೆಯ ದೃಶ್ಯ ಹಾಕಿಸಿ: ಕೂಗು ಕಿವಿಗೆ ಚುಚ್ಚದೆ ಎತ್ತರಕ್ಕೇರಬೇಕು, ಚೆಂಡೆಯ ಪೆಟ್ಟು ಗುಂಯ್ಗುಡದೆ ಅಲ್ಲಲ್ಲೇ ನಿಲ್ಲಬೇಕು.

ಸಂಗೀತವನ್ನೂ ಮರೆಯಬೇಡಿ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವನ್ನು ಏಳು ಸ್ಪೀಕರ್‌ನಲ್ಲಿ ಒಟ್ಟಿಗೆ ಹೊಡೆಸಿದರೆ ಅದರ ಮೈಕಟ್ಟೇ ಹಾಳು. ಬರಿ ಸ್ಟೀರಿಯೊದಲ್ಲಿ ಕೇಳಿ. ಹಳೆಯ ಕನ್ನಡ ಚಿತ್ರಗಳ ಧ್ವನಿ ಬಹುಪಾಲು ಮೋನೊ. ಡಾಲ್ಬಿ ಸರೌಂಡ್ ಮೋಡ್‌ನಲ್ಲಿ ಅದು ಸೆಂಟರ್ ಸ್ಪೀಕರ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮಾತು ಪಾತ್ರದ ಬಾಯಿಂದಲೇ ಬಂದಂತಿರುತ್ತದೆ. ‘ಆಲ್ ಚಾನೆಲ್ ಸ್ಟೀರಿಯೊ’ ಮೋಡ್ ಪಾರ್ಟಿಗೆ ಸರಿ, ಸಿನಿಮಾಕ್ಕಲ್ಲ.

ಅಮೆರಿಕದಲ್ಲಿರುವ ಮಗನೋ ಮಗಳೋ ಬರುವಾಗ ಅಲ್ಲಿಂದ ತರಿಸುವ ಆಸೆ ಹಲವರಿಗೆ. ಅಲ್ಲಿನ ಮಾಡೆಲ್ 120 ವೋಲ್ಟ್‌ನದು. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದರ ಗುಂಯ್ ಸದ್ದು, ಭಾರ ಬೇರೆ. ವಾರಂಟಿಯೂ ಇಲ್ಲಿ ನಡೆಯದು. ಇಲ್ಲೇ ಬಿಲ್ ಸಮೇತ ಕೊಳ್ಳಿ. ನಿಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ಅಧಿಕೃತ ಸರ್ವಿಸ್ ಸೆಂಟರ್ ಇದೆಯೇ ಎಂದು ಮೊದಲೇ ವಿಚಾರಿಸಿ. ಮನೆಗೆ ತಂದ ಮೇಲೆ ಟಿವಿ ಯೂನಿಟ್‌ನ ಮುಚ್ಚಿದ ಗೂಡಿನಲ್ಲಿ ತುರುಕಬೇಡಿ. ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಹೇರಬೇಡಿ. ರಿಸೀವರ್‌ನ ಆಯಸ್ಸನ್ನು ತಿನ್ನುವುದು ಬಿಸಿ.

ನನ್ನ ತೀರ್ಪು ಹೀಗಿದೆ. ಒಟ್ಟು ಬಜೆಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಎತ್ತಿಡಿ. ಉಳಿದದ್ದರಲ್ಲಿ ಇಆರ್ಕ್ ಇರುವ, ರೂಂ ಕರೆಕ್ಷನ್ ಗಟ್ಟಿಯಾಗಿರುವ ಏಳು ಚಾನೆಲ್ ರಿಸೀವರ್ ಕೊಳ್ಳಿ. ಇಬ್ಬರು ಸಮಬಲರು ಉಳಿದರೆ ಪ್ರೀ-ಔಟ್ ಕಿಂಡಿ ಇರುವುದನ್ನು ಆರಿಸಿ, ಮುಂದೆ ದೊಡ್ಡ ಆಂಪ್ಲಿಫೈಯರ್ ಸೇರಿಸುವ ದಾರಿ ತೆರೆದಿರುತ್ತದೆ. ವ್ಯಾಟ್ ಅನ್ನು ಕಟ್ಟಕಡೆಗೆ ನೋಡಿ. ಅಂಗಡಿಗೆ ಹೊರಡುವ ಮುನ್ನ ಹಾಲ್‌ನ ಉದ್ದ, ಅಗಲ, ಎತ್ತರ, ಸೋಫಾದಿಂದ ಟಿವಿಗಿರುವ ದೂರ, ನಿಮ್ಮ ಸ್ಪೀಕರ್‌ನ ಓಮ್ ಮತ್ತು ಸೆನ್ಸಿಟಿವಿಟಿ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಚೀಟಿ ನೋಡಿ ಮಾತಾಡುವ ಅಂಗಡಿಯವರ ಹತ್ತಿರವೇ ವ್ಯಾಪಾರ ಮಾಡಿ.