ಅಕ್ಷರವಿಲ್ಲದ ಕಲ್ಲಿಗೆ ಸಾಕ್ಷಿ ಹೇಳುವವರು ಯಾರು?

ವೀಕೆಂಡಿಗೆ ತೀರ್ಥಹಳ್ಳಿ ಕಡೆ ಹೋಗಿ ಬಂದವರ ಮೊಬೈಲಿನಲ್ಲಿ ಕುಪ್ಪಳಿಯ ಕವಿಶೈಲದ ಫೋಟೋ ಇಲ್ಲದೆ ಇರೋದಿಲ್ಲ. ಗುಡ್ಡದ ನೆತ್ತಿಯಲ್ಲಿ ಸುತ್ತಲೂ ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲುಗಳು. ಕುವೆಂಪು ನೆನಪಿಗೆ ನಮ್ಮ ಕಾಲದಲ್ಲೇ ಮಾಡಿದ ಸ್ಮಾರಕ ಅದು. ನೋಡಿದರೆ ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಾಗುತ್ತೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಕ್ಕದ ಹೊಸನಗರ ತಾಲ್ಲೂಕಿನ ನಿಲ್ಸ್‌ಕಲ್, ಬೈಸೆಗಳಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಕಾಲದ ಅಸಲಿ ನಿಲುವುಗಲ್ಲುಗಳೇ ಇವೆ. ಅವುಗಳ ಜೊತೆ ಸೆಲ್ಫಿ ತೆಗೆದುಕೊಂಡವರು ನನಗಂತೂ ಹೆಚ್ಚು ಸಿಕ್ಕಿಲ್ಲ.

ಈ ಕಲ್ಲುಗಳ ಬಗ್ಗೆ 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಶ್ ರಾವ್ ಒಂದು ಒಳ್ಳೆಯ ಲೇಖನ ಬರೆದರು. ಕಲ್ಲುಗಳು ಅಡ್ಡಾದಿಡ್ಡಿ ನಿಂತಿಲ್ಲ. ಕೆಲವು ಜೋಡಿಗಳನ್ನು ಸೇರಿಸಿ ಗೆರೆ ಎಳೆದರೆ, ಜೂನ್ 21 ಮತ್ತು ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಆ ಗೆರೆ ಹೋಗುತ್ತೆ ಅನ್ನೋದು ಅವರ ಮುಖ್ಯ ಮಾತು. ಶ್ರದ್ಧೆಯಿಂದ ಅಳೆದಿದ್ದಾರೆ. ಬರೀ ಕಾಡುಕಲ್ಲು ಅಂದುಕೊಂಡಿದ್ದನ್ನು ಯೋಚನೆ ಮಾಡಿ ನೆಟ್ಟ ಕಲ್ಲು ಅಂತ ತೋರಿಸಿಕೊಟ್ಟಿದ್ದು ಸಣ್ಣ ಕೆಲಸವಲ್ಲ. ನೆಟ್ಟವು ಅನ್ನೋದು ಊರವರಿಗೆ ಮೊದಲೇ ಗೊತ್ತಿತ್ತು ಬಿಡಿ. ಊರಿನ ಹೆಸರೇ ನಿಲ್ಸ್‌ಕಲ್, ನಿಲ್ಲಿಸಿದ ಕಲ್ಲು.

ನನಗೆ ಕಾಡೋದು ಮುಂದಿನ ಪ್ರಶ್ನೆ. ಜೂನ್ 21ಕ್ಕೆ ಹೊಸನಗರದಲ್ಲಿ ನೆಟ್ಟಗೆ ಸೂರ್ಯೋದಯ ನೋಡಿದವರು ಇದ್ದರೆ ಕೈ ಎತ್ತಿ. ಘಟ್ಟದ ಅಂಚಿನ ಆ ಸೀಮೆಯಲ್ಲಿ ಮಳೆಗಾಲ ಹಿಡಿದ ಮೇಲೆ ಸೂರ್ಯನ ಮುಖ ಕಂಡರೆ ಪುಣ್ಯ. ಹಾಗಾದರೆ ಯಾರಿಗಾಗಿ ಆ ಗೆರೆ? ಇಲ್ಲೊಂದು ಸ್ವಾರಸ್ಯ ಇದೆ: ಜೂನಿನ ಸೂರ್ಯೋದಯಕ್ಕೆ ತೋರಿಸುವ ಗೆರೆಯನ್ನೇ ಹಿಂದಕ್ಕೆ ತಿರುಗಿ ನೋಡಿದರೆ ಅದು ಡಿಸೆಂಬರಿನ ಸೂರ್ಯಾಸ್ತಕ್ಕೆ ಹೋಗುತ್ತೆ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತೆ, ಭತ್ತದ ಕೊಯ್ಲು ಮುಗಿಯುತ್ತಾ ಬಂದಿರುತ್ತೆ, ಜನಕ್ಕೆ ಸಂಜೆ ಹೊತ್ತು ಕೂತು ನೋಡೋಕೆ ಪುರುಸೊತ್ತೂ ಇರುತ್ತೆ. ಇದು ಊಹೆಯೇ. ಕಲ್ಲು ನೆಟ್ಟವರು ಭತ್ತ ಬೆಳೀತಿದ್ದರೋ ಇಲ್ಲವೋ, ಅಗೆದು ನೋಡಿದವರೇ ಹೇಳಬೇಕು. ಆದರೆ ಗೆರೆಯ ಯಾವ ತುದಿಯಲ್ಲಿ ನಿಂತು ನೋಡಬೇಕು ಅನ್ನೋ ಪ್ರಶ್ನೆಯನ್ನು ದಿಕ್ಸೂಚಿ ಕೇಳೋದಿಲ್ಲ. ಅದನ್ನು ಕೇಳೋಕೆ ಆ ಮಳೆಯಲ್ಲಿ ಬದುಕುವವರ ವರ್ಷ ಹೇಗೆ ಉರುಳುತ್ತೆ ಅಂತ ಗೊತ್ತಿರಬೇಕು. ಸಾಗರ ಸೀಮೆಯ ದೀವರು ಸೀಗೆ ಹುಣ್ಣಿಮೆಯ ದಿನ ಚಿತ್ತಾರ ಬರೆದ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಬಸುರಿಯಾದ ಭೂಮಿಗೆ ಬಯಕೆಯ ಊಟ ಬಡಿಸುತ್ತಾರೆ. ಅವರ ಕ್ಯಾಲೆಂಡರ್ ಇರೋದು ಗದ್ದೆಯ ಪೈರಿನಲ್ಲಿ, ಹುಣ್ಣಿಮೆಯಲ್ಲಿ. ಪುರಾತತ್ವ ಕಲ್ಲನ್ನು ಅಳೆಯಿತು, ಮಾನವಶಾಸ್ತ್ರ ಹಬ್ಬವನ್ನು ಬರೆದುಕೊಂಡಿತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಿದ್ದು ಕಡಿಮೆ.

ಈ ಬೇರ್ಪಡಿಕೆ ಹಳೇದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೇ ಸಂಪುಟ ಬಂದಿದ್ದು 1904ರಲ್ಲಿ. ಸೊರಬ, ಸಾಗರ, ನಗರ (ಇವತ್ತಿನ ಹೊಸನಗರ), ತೀರ್ಥಹಳ್ಳಿ ಶಾಸನಗಳೆಲ್ಲ ಅದರಲ್ಲಿವೆ. ಹುಂಚದ ಸಾಂತರರ ಚರಿತ್ರೆ ನಮಗೆ ಗೊತ್ತಿರೋದೇ ಅದರ ದಯೆಯಿಂದ. ಆದರೆ ಅದು ಅಕ್ಷರ ಇರುವ ಕಲ್ಲಿನ ಪುಸ್ತಕ. ಬರಹವಿದ್ದ ವೀರಗಲ್ಲಿಗೆ ನಂಬರ್ ಬಿತ್ತು; ಬಳೆ ತೊಟ್ಟ ಕೈ ಎತ್ತಿ ನಿಂತ, ಒಂದಕ್ಷರವೂ ಇಲ್ಲದ ಮಾಸ್ತಿಕಲ್ಲಿಗೆ ಬೀಳಲಿಲ್ಲ. ಆಮೇಲೆ 1928ರಿಂದ 1935ರವರೆಗೆ ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಅವರ ‘ಮೈಸೂರು ಟ್ರೈಬ್ಸ್ ಅಂಡ್ ಕಾಸ್ಟ್ಸ್’ 4 ಸಂಪುಟಗಳಲ್ಲಿ ಬಂತು. ಅಲ್ಲಿ ಒಂದೊಂದು ಜಾತಿಯ ಹುಟ್ಟು, ಮದುವೆ, ಸಾವಿನ ಆಚರಣೆಗಳಿವೆ, ಅವರು ಅರಿಶಿನ ಕುಂಕುಮ ಹಚ್ಚುವ ಕಲ್ಲು ಯಾವ ಕಾಲದ್ದು ಅನ್ನೋ ವಿಚಾರಣೆ ಇಲ್ಲ. ಶಾಸನದ ಪುಸ್ತಕ ಶಾಸನ ಬಿಟ್ಟು ಬೇರೇನು ಮಾಡಬೇಕಿತ್ತು ಅಂತ ನೀವು ಕೇಳಬಹುದು. ನ್ಯಾಯವೇ. ಆದರೆ ಅಕ್ಷರ ಇದ್ದರಷ್ಟೇ ಸಾಕ್ಷಿ ಅನ್ನೋ ಅಭ್ಯಾಸ ಆ ಪುಸ್ತಕದ ಹೊರಗೂ ಹಬ್ಬಿತು.

ಕರ್ನಾಟಕದಲ್ಲಿ ಇವೆರಡನ್ನೂ ಕೂಡಿಸಿ ನೋಡಿದವರು ಇಲ್ಲವೇ ಇಲ್ಲ ಅಂತಲ್ಲ. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳ ಬಗ್ಗೆ ಎಫ್.ಆರ್. ಆಲ್ಚಿನ್ 1963ರಲ್ಲಿ ಬರೆದ ಪುಸ್ತಕ ನೋಡಿ. ಅವು ನವಶಿಲಾಯುಗದವರ ದನದ ದೊಡ್ಡಿಗಳು, ಅಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದಾರೆ ಅಂತ ವಾದಿಸುವಾಗ, ದನಗಳಿಗೂ ಬೆಂಕಿಗೂ ನಂಟಿರುವ ಇಂದಿನ ಹಬ್ಬಗಳ ಕಡೆಗೂ ಅವರು ಕಣ್ಣು ಹಾಯಿಸಿದರು. ಸಂಕ್ರಾಂತಿಯ ಕಿಚ್ಚು ಹಾಯಿಸೋದನ್ನು ಕಂಡವರಿಗೆ ಆ ವಾದ ತಟ್ಟನೆ ಹಿಡಿಸುತ್ತೆ. ತಟ್ಟನೆ ಹಿಡಿಸೋದೇ ಅದರ ಅಪಾಯವೂ ಹೌದು. ಇವತ್ತಿನ ರೈತ ಶಿಲಾಯುಗದ ಪಳೆಯುಳಿಕೆ ಅಲ್ಲ.

ಕಾದಂಬರಿಯಲ್ಲಂತೂ ಕಾರಂತರು ಈ ಸೇತುವೆ ಕಟ್ಟೇಬಿಟ್ಟರು. 1968ರ ‘ಮೂಕಜ್ಜಿಯ ಕನಸುಗಳು’ ಓದಿದವರಿಗೆ ಗೊತ್ತು: ಮೊಮ್ಮಗ ಹಳೇ ವಸ್ತು ತಂದು ಕೈಗಿಟ್ಟರೆ ಅಜ್ಜಿಗೆ ಅದರ ಕಾಲ, ಅದರ ಜನ ಕಾಣುತ್ತಾರೆ. ಅದ್ಭುತ ಕಲ್ಪನೆ. ಆದರೂ ನನ್ನದೊಂದು ಗೊಣಗಾಟ ಇದೆ: ಕಾರಂತರು ಅಜ್ಜಿಗೆ ದಿವ್ಯದೃಷ್ಟಿ ಕೊಟ್ಟರು. ಮಲೆನಾಡಿನ ನಿಜವಾದ ಅಜ್ಜಿಯರಿಗೆ ಅದರ ಅಗತ್ಯ ಇಲ್ಲ. ಚೌಡಿಬನಕ್ಕೆ ಯಾವ ಮನೆಯವರು ಮೊದಲು ನಡೆದುಕೊಳ್ಳಬೇಕು, ಯಾವ ಬಾವಿ ಯಾರ ಕಾಲದಲ್ಲಿ ತೋಡಿದ್ದು ಅಂತ ಅವರಿಗೆ ಗೊತ್ತು. ಕೇಳಿ ಬರೆದುಕೊಳ್ಳುವವರು ಬೇಕು, ಅಷ್ಟೇ.

ತಮಾಷೆ ಅಂದರೆ, ಹೀಗೆ ಬರೆದುಕೊಳ್ಳಿ ಅಂತ ನಮ್ಮ ಕಾನೂನೇ ಹೇಳುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಹೇಗೆ ತೋರಿಸೋದು? ಸಂಬಂಧಪಟ್ಟ ನಿಯಮಗಳ 13ನೇ ನಿಯಮದ ಪಟ್ಟಿಯಲ್ಲಿ ಸರ್ಕಾರಿ ಕಾಗದಪತ್ರಗಳ ಜೊತೆಗೆ ಹಳೇ ಬಾವಿ, ಸ್ಮಶಾನ, ಪೂಜಾಸ್ಥಳಗಳಿವೆ, ವಂಶಾವಳಿ ಇದೆ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದೂ ಇದೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಪುರಾತತ್ವವೂ ಮಾನವಶಾಸ್ತ್ರವೂ ಒಟ್ಟಿಗೆ ಕೂತಿರೋದು ಇಲ್ಲೇ ನೋಡಿ, ಗೆಜೆಟ್ಟಿನಲ್ಲಿ! ಆದರೂ ಅರ್ಜಿ ಹಾಕಿದವರನ್ನು ಕೇಳಿದರೆ ಎದುರಾದ ಪ್ರಶ್ನೆ ಒಂದೇ: 75 ವರ್ಷದ ದಾಖಲೆ ಎಲ್ಲಿ? ದಾಖಲೆ ಅಂದರೆ ಕಾಗದ. ಅದೇ ಹಳೇ ಅಭ್ಯಾಸ.

ಶರಾವತಿ ಮುಳುಗಡೆಯವರ ಪಾಡು ಇನ್ನೂ ಬೇರೆ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟು ಕಾಡಂಚಿಗೆ ಬಂದವರಿಗೆ ಹೊಸ ಜಾಗದಲ್ಲಿ 75 ವರ್ಷ ಲೆಕ್ಕಕ್ಕೆ ಸಿಗೋದೇ ಇಲ್ಲ. ಅವರ ಬಾವಿ, ಸ್ಮಶಾನ, ದೇವರಬನ ಎಲ್ಲ ನೀರಿನಡಿ ಇವೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತೆ, ನಾವು ಕ್ಯಾಮೆರಾ ಹಿಡಿದು ಹೋಗ್ತೀವಿ.

ಚೌಡಿಯ ಕಲ್ಲನ್ನು ನಿನ್ನೆ ರಾತ್ರಿಯೂ ನೆಡಬಹುದು ಅಂತ ಅಧಿಕಾರಿಗಳು ಅನುಮಾನಪಟ್ಟರೆ ತಪ್ಪೇನಿಲ್ಲ. ಆದರೆ ಅನುಮಾನ ಬಂದ ಕೂಡಲೇ ಅರ್ಜಿ ಪಕ್ಕಕ್ಕಿಡುವ ಬದಲು ಇಬ್ಬರನ್ನು ಕರೆಸಬಹುದು. ಬನದ ಕಟ್ಟೆ, ಬಾವಿಯ ಕಲ್ಲುಕಟ್ಟಣೆ, ಸುತ್ತ ಬಿದ್ದ ಮಡಕೆ ಚೂರು ಎಷ್ಟು ಹಳೇವು ಅಂತ ಒಬ್ಬರು ನೋಡಲಿ. ಅಲ್ಲಿ ಯಾರು ಎಷ್ಟು ತಲೆಮಾರಿನಿಂದ ಕಾಯಿ ಒಡೀತಿದ್ದಾರೆ ಅಂತ ಇನ್ನೊಬ್ಬರು ನಾಲ್ಕು ಮನೆ ತಿರುಗಿ ಕೇಳಿ ಬರೆದುಕೊಳ್ಳಲಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಅಲ್ಲಿಂದ ಹೊಸನಗರಕ್ಕೆ ಒಂದು ಬೆಳಗಿನ ಬಸ್ಸಿನ ದಾರಿ. ಒಂದೇ ಒಂದು ಊರಿನಲ್ಲಿ, ಒಂದು ಬಾವಿ, ಒಂದು ಬನ, ಮೂವರು ಅಜ್ಜಿಯರಿಂದ ಶುರು ಮಾಡಿದರೂ ಸಾಕು. ಅಜ್ಜಿಯರಿಗೆ ವಯಸ್ಸಾಗುತ್ತಿದೆ.